ಮೂರನೇ ಮಣ್ಣು

ಮಷಿನ್ ನಡೆಸುವವನಿಗೆ ಬಕೆಟ್ಟಿನ ಹಲ್ಲಿಗೆ ಏನು ತಾಗಿತು ಅನ್ನೋದು ಗೊತ್ತಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಗೊತ್ತಾಗೋದಿಲ್ಲ ಅಂತ ನನ್ನೆದುರೇ ಓದಿದವರೊಬ್ಬರು ಹೇಳಿದ್ದರು. ಬೇರು ತಾಗಿದರೆ ಲಿವರ್ ಮೆತ್ತಗೆ ಎಳೆಯುತ್ತದೆ. ಕಲ್ಲು ತಾಗಿದರೆ ಸೀಟಿನ ಕೆಳಗಿನಿಂದ ಬೆನ್ನಿಗೆ ಬಡಿಯುತ್ತದೆ. ನೀರಿನ ಪೈಪು ಯಾವುದು, ಕರೆಂಟಿನ ಪೈಪು ಯಾವುದು ಅನ್ನೋದನ್ನ ನನ್ನ ಬಲಗೈ ಹೇಳುತ್ತದೆ, ಕಣ್ಣು ಬೇಕಾಗಿಲ್ಲ. ಬಟ್ಟೆ ತೊಟ್ಟ ಮನುಷ್ಯ ಹಲ್ಲಿಗೆ ಸಿಕ್ಕರೂ ಗೊತ್ತಾಗುತ್ತದೆ. ಬೋಸ್ನಿಯಾದ ಬೆಟ್ಟಗಳಲ್ಲಿ ಇಂಥದೇ ಮಷಿನ್ ಮೇಲೆ ಕೂತು, ಇಂಥದೇ ಲಿವರ್ ಹಿಡಿದು, ಸತ್ತವರನ್ನು ಅಗೆದು ಲಾರಿಗೆ ತುಂಬಿದವರಿಗೆ ತಾವೇನು ಮಾಡ್ತಿದ್ದೀವಿ ಅನ್ನೋದು ಪ್ರತಿ ಬಕೆಟ್ಟಿಗೂ ಗೊತ್ತಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಳಕಲ್ಲಿನ ಕಡೆ ಕೆಂಪು ಕಲ್ಲಿನ ಕ್ವಾರಿಯಲ್ಲಿ ಬೆಳೆದೆ, ಇಪ್ಪತ್ತಕ್ಕೆ ಮಷಿನ್ ಹತ್ತಿದೆ. ಹೆಂಡತಿ ನರ್ಸ್, ಅವಳ ವೀಸಾದ ಹಿಂದೆ ಬಂದು ವೆಸ್ಟ್‌ಮಂಟಿನಲ್ಲಿ ಮನೆ ಮಾಡಿದೆವು. ಊರಲ್ಲಿ ಜೆಸಿಬಿ ಅಂತೀವಲ್ಲ, ಇಲ್ಲಿ ಬ್ಯಾಕ್‌ಹೋ ಅಂತಾರೆ. ಅದನ್ನು ಹನ್ನೊಂದು ವರ್ಷದಿಂದ ಒಂದು ಸ್ಮಶಾನದಲ್ಲಿ ನಡೆಸುತ್ತಿದ್ದೇನೆ. ದಿನಕ್ಕೆ ಎರಡು, ಕೆಲವೊಮ್ಮೆ ನಾಲ್ಕು ಕುಣಿ. ಫೆಬ್ರವರಿಯಲ್ಲಿ ನೆಲ ಮೂರು ಅಡಿ ಹೆಪ್ಪುಗಟ್ಟಿ ಕಬ್ಬಿಣದಂತಾಗಿರುತ್ತದೆ. ಆಗಲೂ ನನ್ನ ಕುಣಿಯ ಗೋಡೆ ನೇರ, ಮೂಲೆ ಚೌಕ. ಯಾರಾದರೂ ಏನು ಕೆಲಸ ಅಂತ ಕೇಳಿದರೆ ನಾನು ಸುತ್ತಿ ಬಳಸಿ ಹೇಳೋದಿಲ್ಲ.

ನಮ್ಮ ಮೇಸ್ತ್ರಿ ಬೋಸ್ನಿಯಾದವನು, ನನಗಿಂತ ಏಳೆಂಟು ವರ್ಷ ದೊಡ್ಡವನು. ಮೊದಲ ದಿನವೇ ನಮಗೆ ಜಗಳ. ಹೊಸ ಕುಣಿ ಅಗೆಯುವಾಗ ಪಕ್ಕದಲ್ಲಿ ಹಳೆಯ ಕುಣಿ ಇದ್ದರೆ, ಆ ಕಡೆಯ ಕೊನೆಯ ಒಂದು ಅಡಿಯನ್ನು ಕೈಯಲ್ಲೇ ತೆಗೀಬೇಕು ಅಂದ. ಬಕೆಟ್ ಮುಟ್ಟಿಸಬಾರದು ಅಂತ.

"ನಾನು ಬಕೆಟ್ಟಿನಲ್ಲಿ ಕೋಳಿಮೊಟ್ಟೆ ಎತ್ತಿ ಇಡ್ತೀನಿ, ಒಡೆಯಲ್ಲ" ಅಂದೆ.

"ಮೊಟ್ಟೆ ಎತ್ತೋಕೆ ನಿನಗೆ ಸಂಬಳ ಕೊಡಲ್ಲ" ಅಂದ. "ಇಳಿ. ಸಲಿಕೆ ತಗೋ."

ಇಳಿದೆ. ಆದರೆ ಮೂರು ದಿನ ಅವನ ಜೊತೆ ಮಾತಾಡಲಿಲ್ಲ. ಕ್ವಾರಿಯಲ್ಲಿ ಇಂಜಿನಿಯರುಗಳೂ ನನ್ನ ಕೈಕೆಲಸದ ಬಗ್ಗೆ ಹೀಗೆ ಮಾತಾಡಿರಲಿಲ್ಲ. ನಾಲ್ಕನೇ ದಿನ ಪಿಕಪ್ಪಿನಲ್ಲಿ ಊಟಕ್ಕೆ ಕೂತಾಗ ಅವನೇ ಹೇಳಿದ. ಇಬ್ಬರದೂ ಮುರುಕು ಇಂಗ್ಲಿಷ್, ಅದಕ್ಕೆ ಚೆನ್ನಾಗಿ ಅರ್ಥ ಆಯಿತು.

ತೊಂಬತ್ತೈದರ ಜುಲೈನಲ್ಲಿ, ಅಲ್ಲಿ ಯುದ್ಧ ನಡೆದಿದ್ದಾಗ, ಎದುರು ಸೈನ್ಯದವರು ಅವನ ಊರಿನ ಸುತ್ತಮುತ್ತಲಿನ ಗಂಡಸರನ್ನೂ ಹುಡುಗರನ್ನೂ ಹಿಡಿದು, ಕೈಕಟ್ಟಿ, ಸಾಲಾಗಿ ನಿಲ್ಲಿಸಿ ಗುಂಡು ಹಾಕಿದರು. ಸಾವಿರಾರು ಜನ. ದೊಡ್ಡ ದೊಡ್ಡ ಗುಂಡಿ ತೋಡಿ ಮುಚ್ಚಿದರು. ಅವನು ಕಾಡಿನಲ್ಲಿ ನಡೆದು ತಪ್ಪಿಸಿಕೊಂಡ. ಹದಿನೇಳು ವರ್ಷದ ತಮ್ಮ ಹಿಂದೆ ಉಳಿದು ಸಿಕ್ಕಿಬಿದ್ದ. ಇಷ್ಟೇ ಆಗಿದ್ದರೆ ಕೊಂದರು ಅಂತ ಹೇಳಿ ಮುಗಿಸಬಹುದಿತ್ತು. ಹೊರಗಿನ ದೇಶದವರು ಗುಂಡಿ ಹುಡುಕಿಕೊಂಡು ಬರ್ತಾರೆ ಅನ್ನೋದು ಗೊತ್ತಾದ ಮೇಲೆ, ಕೆಲವೇ ವಾರಗಳಲ್ಲಿ, ಅವರೇ ಮಷಿನ್ ತಂದು ಅದೇ ಗುಂಡಿಗಳನ್ನು ಅಗೆದರು. ಹೆಣಗಳನ್ನು ಲಾರಿಯಲ್ಲಿ ತುಂಬಿ ಬೇರೆ ಬೇರೆ ಕಡೆ ಒಯ್ದು ಸಣ್ಣ ಗುಂಡಿಗಳಲ್ಲಿ ಸುರಿದರು. ಬಕೆಟ್ಟಿನ ಹಲ್ಲಿಗೆ ಸಿಕ್ಕು ಒಬ್ಬನ ಕಾಲು ಒಂದು ಕಡೆ, ಕೈ ಮೈಲಿಗಳಾಚೆ ಇನ್ನೊಂದು ಕಡೆ.

"ಈಗ ಗೊತ್ತಾಯ್ತಾ, ನಾನು ಯಾಕೆ ಹಲ್ಲು ಮುಟ್ಟಿಸಬೇಡ ಅಂದೆ?" ಅಂದು ಅರ್ಧ ಉಳಿದ ಬ್ರೆಡ್ಡನ್ನು ಪೇಪರಿನಲ್ಲಿ ಸುತ್ತಿಟ್ಟ.

ಅವತ್ತಿನಿಂದ ಹತ್ತಿದ ಸಿಟ್ಟು ಇದು. ಯಾರ ಮೇಲೆ ಅಂತ ಸರಿಯಾಗಿ ಹೇಳೋಕೆ ಬರೋದಿಲ್ಲ. ಆಜ್ಞೆ ಕೊಟ್ಟವರ ಮೇಲೆ ಇದ್ದೇ ಇದೆ, ಅವರ ವಿಷಯ ಕೋರ್ಟು ನೋಡಿಕೊಂಡಿತು ಅಂತಾರೆ. ನನ್ನ ಸಿಟ್ಟು ನನ್ನಂಥವನ ಮೇಲೆ. ಬೆಳಿಗ್ಗೆ ಎದ್ದು, ಡೀಸೆಲ್ ಇದೆಯಾ ನೋಡಿ, ಎಣ್ಣೆ ನೋಡಿ, ಮಷಿನ್ ಹತ್ತಿದವನ ಮೇಲೆ. ಅವನಿಗೂ ನನ್ನ ಹಾಗೆ ಕೈಚಳಕದ ಹೆಮ್ಮೆ ಇದ್ದಿರಬೇಕು. ಸಂಜೆ ಮನೆಗೆ ಹೋಗಿ ಏನು ಉಂಡ?

ಈ ಕೆಲಸದಲ್ಲಿ ಇನ್ನೊಂದನ್ನೂ ಕಂಡೆ. ನಮ್ಮ ಸ್ಮಶಾನದ ಹಳೆಯ ಯಹೂದಿ ಭಾಗದಲ್ಲಿ ಹುಲ್ಲು ಕತ್ತರಿಸುವಾಗ ಕೆಲವು ಕಲ್ಲುಗಳ ಹಿಂಬದಿಗೂ ಹೆಸರುಗಳು ಕಾಣುತ್ತವೆ, ಒಂದೊಂದರಲ್ಲಿ ಏಳು, ಹತ್ತು. ಮುಂದೆ ಬರೆದಿರುವವರು ಮಾತ್ರ ಕೆಳಗಿದ್ದಾರೆ. ಹಿಂದೆ ಬರೆದಿರುವವರು ಅವರ ಅಪ್ಪ, ಅವ್ವ, ಅಕ್ಕತಂಗಿಯರು. ಯುರೋಪಿನಲ್ಲಿ ಯಾವ ಗುಂಡಿಯಲ್ಲೋ, ಯಾವ ಬೂದಿಯಲ್ಲೋ ಹೋದವರು. ಕಾಂಬೋಡಿಯಾದ ಒಂದು ಮನೆತನದ ಕಲ್ಲೂ ಹಾಗೇ ಇದೆ. ಒಮ್ಮೆ ಮಷಿನ್ನಿನ ಬಿಡಿಭಾಗ ತರಲು ಡೆಟ್ರಾಯಿಟ್ ಕಡೆ ಹೋದಾಗ ಅಲ್ಲಿಯ ಸ್ಮಶಾನದವನು ಅರ್ಮೇನಿಯದವರ ಕಲ್ಲು ತೋರಿಸಿದ. ಕಲ್ಲಿನ ಕೆಳಗೆ ಒಬ್ಬರೂ ಇಲ್ಲ, ಅವರನ್ನು ಕೊಂದು ನೂರು ವರ್ಷದ ಮೇಲಾಯಿತು ಅಂದ. ನಾನು ಕಲ್ಲಿನ ಊರಿನವನು. ಕಲ್ಲು ನಿಲ್ಲಿಸಿದ ಕಡೆ ಮನುಷ್ಯ ಇರಬೇಕು ಅನ್ನೋದು ನನ್ನ ಲೆಕ್ಕ. ಇಷ್ಟು ದೇಶದವರು, ಇಷ್ಟು ಬೇರೆ ಬೇರೆ ಕಾಲದಲ್ಲಿ, ಬರಿಯ ಹೆಸರಿಗೆ ಕಲ್ಲು ನಿಲ್ಲಿಸಬೇಕಾಯಿತು ಅನ್ನೋದು ಹುಲ್ಲು ಕತ್ತರಿಸುವವನಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯೋದಿಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ಮೇಸ್ತ್ರಿಗೆ ಬೋಸ್ನಿಯಾದಿಂದ ಒಂದು ಕಾಗದ ಬಂತು. ಅವನೂ ಅವನ ತಾಯಿಯೂ ವರ್ಷಗಳ ಹಿಂದೆ ರಕ್ತ ಕೊಟ್ಟಿದ್ದರು. ಸಿಕ್ಕ ಮೂಳೆಗಳ ಜೊತೆ ಅದನ್ನು ಹೋಲಿಸಿ ನೋಡುತ್ತಾರಂತೆ. ಈಗ ಹೋಲಿಕೆ ಸಿಕ್ಕಿತ್ತು. ಎರಡು ಗುಂಡಿಗಳಿಂದ ತಮ್ಮನ ಎಡಗಾಲು, ಸೊಂಟದ ಒಂದು ಭಾಗ, ನಾಲ್ಕು ಪಕ್ಕೆಲುಬು. ತಲೆ ಇಲ್ಲ. ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆ: ಸಿಕ್ಕಷ್ಟನ್ನು ಈಗಲೇ ಮಣ್ಣು ಮಾಡುತ್ತೀರಾ, ಉಳಿದದ್ದು ಸಿಗಲಿ ಅಂತ ಕಾಯುತ್ತೀರಾ? ಮನೆಯವರು ಸಹಿ ಹಾಕಬೇಕು. ಅಲ್ಲಿ ಪ್ರತಿ ಜುಲೈನಲ್ಲಿ, ಆ ವರ್ಷ ಗುರುತು ಸಿಕ್ಕವರನ್ನೆಲ್ಲ ಒಟ್ಟಿಗೆ ಮಣ್ಣು ಮಾಡುತ್ತಾರೆ.

ಪಿಕಪ್ಪಿನಲ್ಲಿ ಕೂತು ಅದನ್ನು ನನ್ನ ಕೈಗೆ ಕೊಟ್ಟ. "ಅಮ್ಮ ಈಗಲೇ ಮಾಡೋಣ ಅಂತಾಳೆ. ನಿಮ್ಮಲ್ಲೂ ಹೂಳ್ತೀರಿ ಅಂದಿದ್ದೆಯಲ್ಲ. ನೀನಾಗಿದ್ರೆ ಏನು ಮಾಡ್ತಿದ್ದೆ?"

ನಮ್ಮಲ್ಲಿ ಸುಡೋದಿಲ್ಲ. ಲಿಂಗಾಯತರು, ಕೂಡಿಸಿ ಮಣ್ಣು ಮಾಡುತ್ತೇವೆ. ಇಲ್ಲಿಯ ಕನ್ನಡದವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲದ ಸಂಗತಿ ಅದು, ಅದನ್ನು ಹೇಳುವಾಗ ನನಗೆ ಒಂಥರಾ ಎದೆ ಉಬ್ಬುತ್ತದೆ. ಅವತ್ತೂ ಉಬ್ಬಿತು. ಕುಣಿಯೊಳಗೆ ಗೂಡು ಮಾಡೋದು, ಪದ್ಮಾಸನ ಹಾಕಿ ಕೂಡಿಸೋದು, ಎಡಗೈಯಲ್ಲಿ ಲಿಂಗ ಇಡೋದು, ವಿಭೂತಿ, ಪತ್ರಿ ಎಲ್ಲ ವಿವರಿಸಿದೆ. ನಮ್ಮಪ್ಪನನ್ನು ಹಾಗೆ ಕೂಡಿಸಿದಾಗ ಪೂಜೆಗೆ ಕೂತಂತೆ ಕಾಣುತ್ತಿದ್ದ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಇಡೀ ಮನುಷ್ಯನೇ ಇರಬೇಕು" ಅಂದೆ. "ಒಂದು ಬೆರಳು ಕಮ್ಮಿ ಆದ್ರೂ ನಮ್ಮ ಸ್ವಾಮಿಗಳು ಒಪ್ಪಲ್ಲ. ಅರ್ಧ ಮನುಷ್ಯನನ್ನ ಯಾರಾದ್ರೂ ಹೂಳ್ತಾರಾ?"

ಮೇಸ್ತ್ರಿ ತಲೆಯಾಡಿಸಿ ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡ. "ನನ್ನ ಮನಸ್ಸಲ್ಲೂ ಅದೇ ಇತ್ತು. ಅರ್ಧ ಹೂಳಲ್ಲ."

ಯಾವ ಸ್ವಾಮಿಯೂ ನನ್ನ ಹತ್ತಿರ ಹಾಗೆ ಹೇಳಿರಲಿಲ್ಲ. ಬಾಯಿಗೆ ಬಂತು, ಚೆನ್ನಾಗಿ ಕೇಳಿಸಿತು, ಹೇಳಿದೆ.

ಚಳಿಗಾಲದಲ್ಲಿ ಅವನ ತಾಯಿಯ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಕೆಗೆ ಎಂಬತ್ತನಾಲ್ಕು. ಡಾಕ್ಟರು ಇಷ್ಟು ದಿನ ಅಂತ ಹೇಳಲಿಲ್ಲ, ಆದರೆ ಮುಂದಿನ ವರ್ಷದ ಮಾತನ್ನೂ ಆಡಲಿಲ್ಲ. ಆಕೆ ದಿನಾ ಕೇಳುತ್ತಾಳೆ, ಸಹಿ ಹಾಕಿದೆಯಾ ಅಂತ. ಇವನು ದಿನಾ ಇಲ್ಲ ಅನ್ನುತ್ತಾನೆ. ಈ ಜುಲೈ ತಪ್ಪಿದರೆ ಆಕೆಗೆ ಇನ್ನೊಂದು ಜುಲೈ ಇಲ್ಲ. ಇದನ್ನೆಲ್ಲ ಅವನು ನನಗೆ ಹೇಳುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ. ನನ್ನ ಮಾತೇ ಅಲ್ಲಿ ಅಡ್ಡ ಕೂತಿದೆ ಅನ್ನೋದು ನನಗೆ ಹೊಳೆಯಲೇ ಇಲ್ಲ.

ಫೆಬ್ರವರಿಯ ಒಂದು ಭಾನುವಾರ ನೇಪರ್‌ವಿಲ್ಲಿನಲ್ಲಿ ಗೃಹಪ್ರವೇಶದ ಊಟ. ಹೆಂಡತಿಯ ಜೊತೆ ಕೆಲಸ ಮಾಡುವವರ ಮನೆ. ಬೇಸ್‌ಮೆಂಟಿನಲ್ಲಿ ಗಂಡಸರೆಲ್ಲ ತಟ್ಟೆ ಹಿಡಿದು ನಿಂತಿದ್ದರು. ಬೆಂಗಳೂರಿನ ಒಬ್ಬ ಅಂಕಲ್, ದೊಡ್ಡ ಇಂಜಿನಿಯರ್, ನನ್ನ ಕೆಲಸ ಕೇಳಿದರು. ಹೇಳಿದೆ.

"ಓ, ರಿಸೆಷನ್ ಇಲ್ಲದ ಬಿಸಿನೆಸ್ಸು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದರಲ್ಲಿ ಸುಳ್ಳೇನಿಲ್ಲ.

ಮಾತು ಬೆಳೆದು ಮೇಸ್ತ್ರಿಯ ವಿಷಯ ಬಂತು. ನಾನೇ ತೆಗೆದೆ. ಅಂಕಲ್ ಹೋಳಿಗೆ ಮುರಿಯುತ್ತಾ, "ನೋಡಿ, ವಾರ್ ಅಂದ್ಮೇಲೆ ಎರಡೂ ಕಡೆ ಸಾಯ್ತಾರೆ. ಅದನ್ನ ನಾವು ಇಲ್ಲಿ ಕೂತು ಜಡ್ಜ್ ಮಾಡಬಾರದು. ಆ ಮಷಿನ್ ಆಪರೇಟರ್‌ಗಳಿಗೆ ಪಾಪ ಏನು ಗೊತ್ತಾಗುತ್ತೆ? ಮಣ್ಣು ಅಗೆಯೋಕೆ ಹೇಳಿದ್ರು, ಅಗೆದ್ರು" ಅಂದರು.

"ನೀವು ಯಾವತ್ತಾದ್ರೂ ಲಿವರ್ ಹಿಡಿದೀರಾ?" ಅಂದೆ.

"ಅದಲ್ಲ ಪಾಯಿಂಟು..."

"ಅದೇ ಪಾಯಿಂಟು ಅಂಕಲ್. ಯುದ್ಧದಲ್ಲಿ ಸತ್ತವನನ್ನ ಯಾರೂ ಎರಡನೇ ಸಲ ಅಗೆದು ಸಾಗಿಸಲ್ಲ. ಯಾರು ಸಾಗಿಸ್ತಾನೆ ಹೇಳಿ? ಕಳ್ಳ ಸಾಗಿಸ್ತಾನೆ. ತಾನು ಮಾಡಿದ್ದು ಕೊಲೆ ಅಂತ ಗೊತ್ತಿರೋನು ಸಾಗಿಸ್ತಾನೆ. ಎರಡೂ ಕಡೆ ಅಂತೀರಲ್ಲ, ಕೈಕಟ್ಟಿ ನಿಲ್ಲಿಸಿದ ಹದಿನೇಳು ವರ್ಷದ ಹುಡುಗನದು ಯಾವ ಕಡೆ?"

ನನ್ನ ದನಿ ಮೇಲಿನ ಅಡುಗೆಮನೆಯವರೆಗೂ ಹೋಗಿತ್ತಂತೆ. ಮನೆಯ ಯಜಮಾನ ಬಂದು, "ಬಿಡಿ ಸಾರ್, ಶುಭಕಾರ್ಯದ ಮನೆ. ಮಜ್ಜಿಗೆ ತಗೊಳ್ಳಿ" ಅಂತ ಲೋಟ ಕೊಟ್ಟ. ಅಂಕಲ್ ಇನ್ನೊಂದು ಗುಂಪಿಗೆ ಹೋಗಿ ಮಗಳ ಕಾಲೇಜಿನ ಮಾತು ತೆಗೆದರು. ನಾನು ಮಜ್ಜಿಗೆ ಕುಡಿಯದೆ ಕೋಟು ಹಾಕಿಕೊಂಡೆ.

ಕಾರು ಎರಡು ಎಕ್ಸಿಟ್ ದಾಟಿತು. ಆಮೇಲೆ ಹೆಂಡತಿ ಹೇಳಿದಳು: "ಅವರ ಮ್ಯಾಲ ಅಷ್ಟ ಹಾರ್ಯಾಡಿದ್ರಿ. ನಿಮ್ಮ ಮೇಸ್ತ್ರಿಗೆ ನೀವು ಏನ ಹೇಳಿ ಬಂದೀರಿ, ಅದನ್ನ ಯಾರ ಕೇಳಬೇಕು?"

"ನಾ ಏನ ಹೇಳೀನಿ? ನಮ್ಮ ಪದ್ಧತಿ ಹೇಳೀನಿ."

"ಯಾವ ಪದ್ಧತಿ ರೀ? ನಿಮ್ಮ ಸ್ವಾದರಮಾವನ್ನ ಹೆಂಗ ಮಣ್ಣ ಮಾಡಿದ್ರಿ?"

ನನ್ನ ಸೋದರಮಾವ ಕ್ವಾರಿಯಲ್ಲಿ ಮದ್ದು ಸಿಡಿದು ಸತ್ತವನು. ಕಂಬಳಿ ಹಾಸಿ ಸಿಕ್ಕಿದ್ದನ್ನು ಒಟ್ಟು ಮಾಡಿದವರಲ್ಲಿ ನಾನೂ ಒಬ್ಬ. ಕೂಡಿಸಲು ಏನಿತ್ತು? ಆ ಕಂಬಳಿಯ ಗಂಟನ್ನೇ ಗೂಡಿನೊಳಗೆ ಇಟ್ಟು, ಅದರ ಮೇಲೆ ಲಿಂಗ ಇಟ್ಟು, ಸ್ವಾಮಿಗಳು ಒಂದು ಮಂತ್ರವನ್ನೂ ಬಿಡದೆ ಹೇಳಿದರು. ಸಂಜೆಯೊಳಗೆ ಮಣ್ಣಾಯಿತು. ಉಳಿದದ್ದು ಸಿಗಲಿ ಅಂತ ಯಾರೂ ಅನ್ನಲಿಲ್ಲ. ಅಂದಿದ್ದರೆ ನಮ್ಮಜ್ಜಿ ಅವರ ಬಾಯಿಗೆ ಮಣ್ಣು ತುಂಬುತ್ತಿದ್ದಳು. ಇದನ್ನು ನಾನು ಮರೆತಿರಲಿಲ್ಲ. ಪದ್ಮಾಸನದಲ್ಲಿ ಕೂತ ಅಪ್ಪನ ಕತೆ ಹೇಳಿದ್ದೆ, ಕಂಬಳಿಯದನ್ನು ಮುಚ್ಚಿಟ್ಟಿದ್ದೆ. ಬೇರೆ ದೇಶದವನೆದುರು ನಮ್ಮದು ಅಚ್ಚುಕಟ್ಟಾಗಿ ಕಾಣಲಿ ಅಂತ.

"ಆಕಿ ಸಾಯಾಕ ಹತ್ಯಾಳ" ಅಂದಳು ಹೆಂಡತಿ. "ನೀವ ಹೇಳಿದ್ದು, ನೀವ ಹೋಗಿ ಬಿಡಸ್ರಿ."

ಮುಂದಿನ ಶನಿವಾರ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಆ ತಾಯಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು, ತಲೆಗೆ ಬಿಳಿ ವಸ್ತ್ರ, ತೋಳಿನಲ್ಲಿ ಡಯಾಲಿಸಿಸ್ಸಿನ ಪಟ್ಟಿ. ನಾನು ಬಾಗಿಲಲ್ಲೇ ನಿಂತೆ. ಆಕೆ ತನ್ನ ಭಾಷೆಯಲ್ಲಿ ಏನೋ ಅಂದಳು.

"ಅಮ್ಮ ಕೇಳ್ತಿದಾಳೆ" ಅಂದ ಮೇಸ್ತ್ರಿ, "ಇವನು ಸಾಲ ಕೇಳೋಕೆ ಬಂದಿದಾನಾ, ಹೆಣ್ಣು ಕೇಳೋಕೆ ಬಂದಿದಾನಾ, ಹೀಗ್ಯಾಕೆ ಕೈಕಟ್ಟಿ ನಿಂತಿದಾನೆ ಅಂತ."

ಕೂತೆ. ಕಪ್ಪು ಕಾಫಿ ಬಂತು. ಒಂದೇ ಉಸಿರಿಗೆ ಹೇಳಿದೆ: ನಾನು ಅವತ್ತು ಹೇಳಿದ್ದು ಸುಳ್ಳು, ನಮ್ಮಲ್ಲೂ ಸಿಕ್ಕಷ್ಟನ್ನೇ ಹೂತಿದ್ದೇವೆ, ನನ್ನ ಮಾವನನ್ನೇ ಹೂತಿದ್ದೇನೆ, ಕಂಬಳಿಯಲ್ಲಿ. ಮೇಸ್ತ್ರಿಯ ಮುಖ ಕೆಂಪಾಯಿತು.

"ಐದು ತಿಂಗಳು" ಅಂದ. "ಐದು ತಿಂಗಳು ನಾನು ಅಮ್ಮನ ಹತ್ತಿರ ನಿನ್ನ ಮಾತು ಹೇಳ್ತಿದೀನಿ. ಇಂಡಿಯಾದಲ್ಲೂ ಹೂಳಲ್ಲ ಅಂತ. ನಿಮ್ಮ ಸ್ವಾಮಿಗಳು ಅಂತ. ಇವತ್ತು ಬಂದು ಸುಳ್ಳು ಅಂತೀಯ?"

"ಬೈ" ಅಂದೆ. "ಆಮೇಲೆ ಬೈಯೋಕೂ ಟೈಮ್ ಇದೆ. ಒಂದು ಹೇಳ್ತೀನಿ ಕೇಳು. ನಿನ್ನ ತಮ್ಮನ ಕಾಲು ಎಲ್ಲಿ ಬೀಳಬೇಕು, ತಲೆ ಎಲ್ಲಿ ಬೀಳಬೇಕು ಅಂತ ತೀರ್ಮಾನ ಮಾಡಿದ್ದು ಆ ಮಷಿನ್ ನಡೆಸಿದವನು. ಇನ್ನು ಅವನಿಗೆ ಯಾವಾಗ ಮಣ್ಣು ಕೊಡಬೇಕು ಅನ್ನೋದನ್ನೂ ಆ ಬೋಳಿಮಗನಿಗೇ ಬಿಡ್ತೀಯಾ?"

ತಾಯಿ ಮಗನ ತೋಳಿಗೆ ತಟ್ಟಿ, ಏನಂದ ಹೇಳು ಅಂತ ಸನ್ನೆ ಮಾಡಿದಳು. ಅವನು ಹೇಳಿದ. ಆಕೆ ನನ್ನನ್ನೇ ನೋಡುತ್ತಾ ಮಾತಾಡತೊಡಗಿದಳು, ನಿಧಾನವಾಗಿ, ಅಳದೆ. ಅವನು ನೆಲ ನೋಡುತ್ತಾ ಒಂದೊಂದೇ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದ.

"ನನ್ನ ಮಗನ ಕಾಲನ್ನ ಚೀಲದಲ್ಲಿ ಹಾಕಿ, ನಂಬರ್ ಬರೆದು, ಕಪಾಟಿನಲ್ಲಿ ಇಟ್ಟಿದಾರೆ ಅಂತಾಳೆ. ನೀವಿಬ್ಬರು ಗಂಡಸರು ಇಲ್ಲಿ ತಲೆ ಬರಲಿ ಅಂತ ಕೂತಿದೀರಿ ಅಂತಾಳೆ. ಹೆತ್ತವಳು ನಾನು. ಎಷ್ಟು ಸಿಕ್ಕರೆ ಸಾಕು ಅಂತ ನಾನು ಹೇಳ್ತೀನಿ, ನೀವಲ್ಲ ಅಂತಾಳೆ." ಕಾಫಿಯ ಕಪ್ಪನ್ನು ಪಕ್ಕಕ್ಕೆ ಸರಿಸಿ, "ಬೇರೇನೋ ಅಂದಳು, ಅದನ್ನ ನಾನು ಹೇಳಲ್ಲ" ಅಂದ.

ಕಾಗದ ಟಿವಿಯ ಹಿಂದೆ ಇತ್ತು. ಮೇಸ್ತ್ರಿ ಅದನ್ನು ತಂದು, ಅಮ್ಮನ ತೊಡೆಯ ಮೇಲೆ ಒಂದು ಮ್ಯಾಗಝಿನ್ ಇಟ್ಟು, ಅದರ ಮೇಲೆ ಆಕೆಯ ಕೈಯಿಂದಲೇ ಮೊದಲು ಸಹಿ ಹಾಕಿಸಿದ. ಆಮೇಲೆ ತಾನು ಹಾಕಿದ. ನನಗೆ ಹೋಗು ಅಂದ. ಮುಂದಿನ ಎರಡು ವಾರ ಕೆಲಸದ ಮಾತು ಬಿಟ್ಟು ಬೇರೆ ಮಾತು ಆಡಲಿಲ್ಲ. ಸಿಟ್ಟಿನಲ್ಲಿದ್ದ, ಇರಬೇಕಾದ್ದೇ.

ಜುಲೈನಲ್ಲಿ ಅವನೊಬ್ಬನೇ ಹೋದ. ತಾಯಿಗೆ ವಿಮಾನ ಹತ್ತುವ ಸ್ಥಿತಿ ಇರಲಿಲ್ಲ. ಅವತ್ತು ಬೆಳಿಗ್ಗೆ ನಾನೂ ಹೆಂಡತಿಯೂ ಆಕೆಯ ಜೊತೆ ಕೂತೆವು. ಇಲ್ಲಿ ಬೆಳಗಿನ ಏಳಾದರೆ ಅಲ್ಲಿ ಮಧ್ಯಾಹ್ನ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟಿದ್ದೆವು. ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆಗಳು ಜನರ ತಲೆಯ ಮೇಲೆ ಕೈಯಿಂದ ಕೈಗೆ ಸಾಗುತ್ತಿದ್ದವು. ತುಂಬ ಬೇಗ ಸಾಗುತ್ತಿದ್ದವು. ನಾನು ನೂರಾರು ಪೆಟ್ಟಿಗೆ ಇಳಿಸಿದವನು, ಆರು ಜನ ಹೊತ್ತರೂ ಭುಜ ಬಾಗುತ್ತದೆ. ಅಲ್ಲಿ ಯಾರ ಭುಜವೂ ಬಾಗುತ್ತಿರಲಿಲ್ಲ. ಒಳಗೆ ಎಷ್ಟಿದೆ ಅನ್ನೋದು ಹೊತ್ತವರ ನಡಿಗೆಯಲ್ಲೇ ಕಾಣುತ್ತಿತ್ತು. ನಾನು ಬೈಯಲು ಬಾಯಿ ತೆರೆದೆ. ಹೆಂಡತಿ ನನ್ನ ಮಂಡಿಯ ಮೇಲೆ ಕೈಯಿಟ್ಟಳು, ಸುಮ್ಮನಿರಿ ಅನ್ನುವ ಹಾಗೆ.

ಅಲ್ಲೇ ಇರುವ ಮೇಸ್ತ್ರಿಯ ಚಿಕ್ಕಪ್ಪನ ಮಗ ಫೋನ್ ಹಿಡಿದಿದ್ದ. ಮೇಸ್ತ್ರಿ ಕುಣಿಯೊಳಗಿಳಿದು ಪೆಟ್ಟಿಗೆ ತೆಗೆದುಕೊಂಡ, ಇಟ್ಟ, ಮೇಲೆ ಬಂದ. ಮಣ್ಣು ಬಿತ್ತು. ಪ್ರಾರ್ಥನೆ ನಡೆಯುವಾಗ ಆ ತಾಯಿ ಎರಡು ಅಂಗೈ ಮೇಲೆ ಮಾಡಿ ಹಿಡಿದಿದ್ದಳು. ಮುಗಿದ ಮೇಲೆ ಅದೇ ಕೈಯಿಂದ ಮುಖ ಒರೆಸಿಕೊಂಡಳು. ಹೆಸರು ಬರೆದ ಹಲಗೆ ನೆಟ್ಟರು. ಆಕೆ ಹತ್ತಿರ ತೋರಿಸು ಅಂದಿರಬೇಕು, ಹಲಗೆ ಫೋನಿನ ತುಂಬ ಬಂತು. ಆಕೆ ಬೆರಳಿಟ್ಟು ಹೆಸರನ್ನು ಒಂದೊಂದೇ ಅಕ್ಷರ ಓದಿದಳು, ಹುಟ್ಟಿದ ವರ್ಷ ಓದಿದಳು, ಇನ್ನೊಂದು ವರ್ಷವನ್ನು ಓದಲಿಲ್ಲ.

ಫೋನ್ ಹಿಂದೆ ಸರಿಯಿತು. ಮೇಸ್ತ್ರಿ ಪೂರ್ತಿ ಕಂಡ, ಪ್ಯಾಂಟಿನ ತುಂಬ ಮಣ್ಣು, ಹಲಗೆಯ ಪಕ್ಕ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ತಾಯಿ ಇದ್ದಕ್ಕಿದ್ದಂತೆ ಸೋಫಾದಿಂದ ಮುಂದೆ ಬಾಗಿ ಗದರಿದಳು. ಅವನು ಬೆಚ್ಚಿ ನೋಡಿದ. ಆಕೆ ನಮ್ಮ ಕಡೆ ತಿರುಗಿ ಫೋನಿನಲ್ಲಿ ಅವನ ಬೂಟಿನ ಮೇಲೆ ಬೆರಳಿಟ್ಟು, ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಹೇಳಿದಳು: "ಕಾಲು ನೋಡಿ. ಇನ್ನೊಬ್ಬಳ ಮಗನ ಮೇಲೆ."

ಅವನ ಎಡಗಾಲ ಕೆಳಗೆ ಪಕ್ಕದ ಕುಣಿಯ ಹಸಿ ಮಣ್ಣು. ಅವನು ಕಾಲು ಎತ್ತಿ ಬಲಕ್ಕೆ ಇಡಹೋದ, ಅಲ್ಲೂ ಹಸಿ ಮಣ್ಣು. ಹಿಂದೆಯೂ ಒಂದು. ಒಂಟಿ ಕಾಲಿನಲ್ಲಿ ನಿಂತು, ಫೋನ್ ಹಿಡಿದವನ ಹೆಗಲ ಮೇಲೆ ಕೈಯೂರಿ, ಅವನು ಕಾಲಿಡಲು ಜಾಗ ಹುಡುಕುತ್ತಿದ್ದ.